ಕಿವಿಗೆ ಹಿತವಾದದ್ದು

ಕೆಲಸದ ಜಾಗಕ್ಕೆ ಹೊಸ ಇಯರ್‌ಫೋನ್ ಬಂದ ಮೇಲೆ ದೊಡ್ಡಕ್ಕನಿಗೆ ಮನೆಯಲ್ಲಿ ಮೊದಲು ಕೇಳಿಸಿದ್ದು ಅತ್ತೆಯ ಗೊಣಗಾಟ. ಇಷ್ಟು ವರ್ಷ ಕೆಲಸ ಮುಗಿಸಿ ಬಂದವಳ ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಅತ್ತೆ ಒಲೆಯ ಮುಂದೆ ನಿಂತು ಏನೇ ಅಂದುಕೊಂಡರೂ ಅದು ಗೋಡೆಯ ಪಾಲಾಗುತ್ತಿತ್ತು. ಈಗ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಬರತೊಡಗಿತು.

"ಬಂದ್ಲು ಮಹಾರಾಣಿ. ಚಪ್ಪಲಿ ನೋಡು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ."

"ಎರಡನ್ನೂ ಒಂದೇ ದಿಕ್ಕಿಗೆ ಇಡ್ತೀನಿ ಬಿಡಿ ಅತ್ತೆ," ಎಂದು ದೊಡ್ಡಕ್ಕ ಬಾಗಿಲಿನಿಂದಲೇ ಹೇಳಿದಾಗ ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅಂದು ಊಟಕ್ಕೆ ಕೂತಾಗ ಮಗನ ಹತ್ತಿರ ದೂರು ಹೋಯಿತು. "ನಿನ್ನ ಹೆಂಡ್ತಿಗೆ ಕಿವಿ ಬಂದಿದೆ ಕಣೋ. ಇನ್ಮೇಲೆ ಈ ಮನೇಲಿ ನೆಮ್ಮದಿಯಾಗಿ ಬೈಕೊಳ್ಳೋ ಹಾಗೂ ಇಲ್ಲ." ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ, ಹೆಂಡತಿಯ ಜೊತೆ ಕೂಗಿ ಕೂಗಿ ಮಾತಾಡುವುದೇ ರೂಢಿಯಾಗಿದ್ದವನು, ಆ ರಾತ್ರಿ ಮೆಲ್ಲಗೆ ಮಾತಾಡಿ ನೋಡಿದ. ಅವಳು ಮೆಲ್ಲಗೇ ಉತ್ತರ ಕೊಟ್ಟಳು. ಇಬ್ಬರಿಗೂ ಒಂದು ಥರ ನಾಚಿಕೆಯಾಯಿತು.

ಅವಳನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದವರು ಆಂಬುಲೆನ್ಸ್ ಕರೆಗಳ ಕೋಣೆಯವರು. ಅವಳ ಜೊತೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಕೆಲವರು ಕತ್ತುನೋವು ಎಂದು, ಕೆಲವರು ನಿದ್ದೆ ಬರುವುದಿಲ್ಲ ಎಂದು. ಇವಳು ಮಾತ್ರ ಆ ಕುರ್ಚಿಗೆ ಅಂಟಿಕೊಂಡು ಉಳಿದಿದ್ದಳು. ಎರಡನೇ ಮಹಡಿಯ ಕೋಣೆ, ಬೀದಿಯ ಕಡೆಗೆ ಕಿಟಕಿಯಿಲ್ಲ, ಗೋಡೆಗೆಲ್ಲ ಸದ್ದು ಹೀರುವ ಬೂದುಬಣ್ಣದ ದಪ್ಪ ಬಟ್ಟೆ. ಎದುರುಬದುರು ಎರಡು ಸಾಲು ಮೇಜು. ಒಂದು ತುದಿಯಲ್ಲಿ ಗಾಡಿಗಳನ್ನು ಕಳಿಸುವ ಗಾಡಿಯಣ್ಣ, ಇನ್ನೊಂದು ತುದಿಯಲ್ಲಿ ಗಾಜಿನ ಗೂಡೊಳಗೆ ಮೇಲ್ವಿಚಾರಕಿ. ಊರಿನ ನೋವೆಲ್ಲ ಮೊದಲು ಬಂದು ಬೀಳುತ್ತಿದ್ದದ್ದು ಈ ಕೋಣೆಯವರ ಕಿವಿಗೆ.

ಬೀಳುತ್ತಿತ್ತು ಎನ್ನುವುದು ಬರಿಯ ಮಾತಲ್ಲ. ಹಳೆಯ ಇಯರ್‌ಫೋನು ಒಂದೇ ಕಿವಿಯದು. ಸ್ಪಂಜು ಸವೆದು ಪ್ಲಾಸ್ಟಿಕ್ಕು ಎದ್ದಿತ್ತು, ತಲೆಯ ಪಟ್ಟಿ ಏಡಿಯ ಹಾಗೆ ಕಚ್ಚಿ ಹಿಡಿಯುತ್ತಿತ್ತು. ಆಚೆಯವರು ಕಿರುಚಿದರೆ ಕಿರುಚಾಟ ಹಾಗೇ ಒಳಗೆ ಇಳಿಯುತ್ತಿತ್ತು. ಕೈಯಿಂದ ಫೋನು ಬಿದ್ದರಂತೂ ಕಪಾಳಕ್ಕೆ ಹೊಡೆದಂತೆಯೇ. ಕಿವಿ ಡಾಕ್ಟರು ಪರೀಕ್ಷೆ ಮಾಡಿ ನೇರವಾಗಿ ಹೇಳಿದ್ದರು: "ಬಲಗಿವಿ ಸಣ್ಣ ಸದ್ದುಗಳನ್ನ ಆಗಲೇ ಕಳ್ಕೊಂಡಿದೆ. ಎಡಗಿವಿಯನ್ನಾದ್ರೂ ಉಳಿಸ್ಕೊಳ್ಳಿ. ಒಳ್ಳೆ ಸಲಕರಣೆ ಸಿಗಲ್ಲ ಅಂದ್ರೆ ಲೈನ್ ಬಿಟ್ಬಿಡಿ." ಆ ಮಾತು ಮೇಲ್ವಿಚಾರಕಿಗೂ ತಲುಪಿತ್ತು. ಕೋಣೆಗೆ ಹೊಸ ಸಲಕರಣೆ ಕೊಳ್ಳುವ ಈ ಖರೀದಿಯಲ್ಲಿ ಕಿವಿಗೆ ಕೇಡಾಗದ ಇಯರ್‌ಫೋನ್ ಬರದಿದ್ದರೆ ದೊಡ್ಡಕ್ಕ ಕೆಳಗಿನ ಉಗ್ರಾಣಕ್ಕೆ, ಹತ್ತಿಯ ಸುರುಳಿ ಕೈಗವಸುಗಳ ನಡುವೆ. ಅಲ್ಲಿ ಅವಳಿಗೆ ಯಾರೂ ಫೋನ್ ಮಾಡುವುದಿಲ್ಲ.

ಆ ಕುರ್ಚಿಯ ಮೇಲೆ ಕೂತು ಅವಳು ಫೋನಿನಲ್ಲೇ ಹೆರಿಗೆ ಮಾಡಿಸಿದ್ದಳು, ನೇಣಿನ ಹಗ್ಗ ಹಿಡಿದವನ ಜೊತೆ ಅವನ ಅಂಗಡಿಯ ಬಗ್ಗೆ ಹರಟೆ ಹೊಡೆಯುತ್ತಾ ಗಾಡಿ ತಲುಪುವವರೆಗೆ ಹಿಡಿದಿಟ್ಟಿದ್ದಳು. ಮನೆಯಲ್ಲಿ ಅವಳು ಸೊಸೆ, ಹೆಂಡತಿ, ಚಪ್ಪಲಿ ನೆಟ್ಟಗಿಡದವಳು. ಅಲ್ಲಿ ಮಾತ್ರ ಅವಳು ದೊಡ್ಡಕ್ಕ.

ಹೀಗಿರುವಾಗ ಹೊಸ ಇಯರ್‌ಫೋನಿನ ಒಂದು ಜೊತೆ ಪರೀಕ್ಷೆಗೆ ಬಂದಾಗ, ಅದನ್ನು ಹಾಕಿಕೊಂಡು ಧ್ವನಿ ಹೇಗಿದೆ, ಕಿವಿಗೆ ಹಿತವೋ ಅಲ್ಲವೋ ಎಂದು ತೀರ್ಪು ಕೊಡುವ ಕೆಲಸವನ್ನು ಮೇಲ್ವಿಚಾರಕಿ ಇವಳಿಗೇ ಒಪ್ಪಿಸಿದಳು. ಬೆಕ್ಕಿನ ಮುಂದೆ ಹಾಲಿಟ್ಟು, ಬೇಕೋ ಬೇಡವೋ ಯೋಚಿಸಿ ಹೇಳು ಎಂದಂತಾಯಿತು.

ತಂದುಕೊಟ್ಟವಳು ಕಂಪನಿಯ ಇಂಜಿನಿಯರ್ ಹುಡುಗಿ. ಎರಡು ಮಾತಿಗೊಮ್ಮೆ ನಗುವವಳು, ಆದರೆ ಕೆಲಸದಲ್ಲಿ ಚುರುಕು. ಎರಡೂ ಕಿವಿಗೆ ಮೆತ್ತಗಿನ ದಿಂಬು, ತಲೆಯ ಮೇಲೆ ಇದೆಯೋ ಇಲ್ಲವೋ ಎನ್ನುವಂಥ ಪಟ್ಟಿ. "ಇದು ಮನುಷ್ಯರ ಮಾತನ್ನಷ್ಟೇ ಒಳಗೆ ಬಿಡುತ್ತೆ ಅಕ್ಕ. ಕಿವಿ ಕೆಡಿಸೋದು ಎರಡು. ಒಂದು, ಬಿಡದೆ ಕೊರೆಯೋ ಸದ್ದು. ಇನ್ನೊಂದು, ಫಟ್ ಅಂತ ಬಡಿಯೋ ಸದ್ದು. ಎರಡನ್ನೂ ಇದು ಬಾಗಿಲಲ್ಲೇ ತಡೆಯುತ್ತೆ." ಅಷ್ಟು ಹೇಳಿ ಅವಳು ಪಡಸಾಲೆಗೆ ಹೋಗಿ ತನ್ನ ಫೋನಿನಿಂದ ಕೋಣೆಗೆ ಕರೆ ಮಾಡಿದಳು. ಮಾತಾಡುತ್ತಾ ಮಾತಾಡುತ್ತಾ, ಫೋನಿನ ಪಕ್ಕದಲ್ಲೇ ಸ್ಟೀಲ್ ಲೋಟವನ್ನು ಚಮಚದಿಂದ ಬಾರಿಸಿದಳು. ಪಡಸಾಲೆಯ ಕಡೆಯ ಗಾಜಿನ ಬಾಗಿಲಿನಾಚೆ ಲೋಟ ಅಲ್ಲಾಡುವುದು ಕಾಣುತ್ತಿತ್ತು. ದೊಡ್ಡಕ್ಕನ ಕಿವಿಗೆ ಬಂದದ್ದು ಹುಡುಗಿಯ ಮಾತು ಮಾತ್ರ, ಬೆಣ್ಣೆಯಲ್ಲಿ ಕೂದಲೆಳೆದಷ್ಟು ನುಣುಪಾಗಿ.

"ಅಯ್ಯೋ, ಏನೇನೂ ಕೇಳಿಸ್ಲಿಲ್ಲ!" ಎಂದು ದೊಡ್ಡಕ್ಕ ಚಪ್ಪಾಳೆ ಹೊಡೆದಳು. ಸಾಲಿನವರೆಲ್ಲ ಹೊಡೆದರು.

ಅಂದಿನಿಂದ ಅವಳ ತೀರ್ಪು ಸಣ್ಣಸಣ್ಣದಾಗಿ ಹೊರಬೀಳುತ್ತಲೇ ಇತ್ತು. ಕನ್ನಡಕದ ಕಡ್ಡಿಯ ಮೇಲೆ ಒತ್ತುವುದಿಲ್ಲ. ಕಿವಿ ಬೆವರುವುದಿಲ್ಲ. ಅಳುವವರ ಮಾತೂ ಬಿಡಿಬಿಡಿಯಾಗಿ ತಿಳಿಯುತ್ತದೆ, ಎರಡೆರಡು ಸಲ ವಿಳಾಸ ಕೇಳಬೇಕಾಗಿಲ್ಲ. ದೋಷ ಅಂದರೆ ಬಾಯಿಯ ಹತ್ತಿರದ ಮೈಕಿನ ಕಡ್ಡಿ ಆಗಾಗ ಜೋತುಬೀಳುತ್ತದೆ, ಅಷ್ಟೆ. ಪಕ್ಕದ ಕುರ್ಚಿಯವಳು, ನಾಲಿಗೆಯ ಖಾರಕ್ಕೆ ಮೆಣಸಿನಕಾಯಿ ಎಂದೇ ಹೆಸರಾದವಳು, ಊಟದ ಹೊತ್ತಿನಲ್ಲಿ ಒಮ್ಮೆ ಹಾಕಿಕೊಂಡು ನೋಡಿ, ತೆಗೆಯಲು ಮನಸ್ಸಿಲ್ಲದೆ ತೆಗೆದಳು.

"ದೊಡ್ಡಕ್ಕ, ಏನಾದ್ರೂ ಕೊಂಕು ತೆಗೆದ್ಯೋ, ನಿನ್ನ ಕುರ್ಚಿಗೆ ಗೋಂದು ಹಚ್ತೀನಿ. ನಮ್ಮೆಲ್ಲರ ಕಿವಿ ನಿನ್ನ ಕೈಲಿದೆ."

"ಕಿವಿ ಹಿಂಡೋ ಕೆಲಸ ನನಗೆ ಚೆನ್ನಾಗಿ ಬರುತ್ತೆ ಬಿಡೇ," ಎಂದು ದೊಡ್ಡಕ್ಕ ನಕ್ಕಳು.

ನಕ್ಕರೂ ಒಳಗೆ ಏನೋ ಒಂದು ಕಸಿವಿಸಿ ಇದ್ದೇ ಇತ್ತು. ಏನೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಎರಡು ಕರೆಗಳ ನಡುವೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ತಂತಿಯ ಪಿನ್ನು ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡುವುದು, ದಿಂಬನ್ನು ಎತ್ತಿ ಮತ್ತೆ ಇಡುವುದು, ನೀರು ಬೇಡದಿದ್ದರೂ ಎದ್ದುಹೋಗಿ ಒಂದು ಗುಟುಕು ಕುಡಿದು ಬರುವುದು. ಗದ್ದಲದಲ್ಲೇ ಬಾಳಿದವಳಿಗೆ ಶಾಂತಿಯ ಮೇಲೂ ಅನುಮಾನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇಕಾದದ್ದು ಕೈಗೆ ಸಿಕ್ಕಾಗ ಮನುಷ್ಯರು ಹೇಳಿಕೊಳ್ಳುವ ಸಮಾಧಾನವೇ ಹಾಗೆ, ಎಷ್ಟು ಬೇಕೋ ಅಷ್ಟಕ್ಕೇ ಸರಿಹೊಂದುತ್ತದೆ.

ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಕರೆ ಬಂದು ಆಚೆಯಿಂದ ಮಾತೇ ಬರದಿದ್ದರೆ ತಕ್ಷಣ ಕತ್ತರಿಸುವಂತಿಲ್ಲ. "ಮಾತಾಡೋಕೆ ಆಗದಿದ್ರೆ ಫೋನನ್ನ ತಟ್ಟಿ," ಎನ್ನಬೇಕು. ಆಮೇಲೆ ತನ್ನದೇ ಉಸಿರನ್ನು ಹತ್ತು ಸಲ ಎಣಿಸುತ್ತಾ ಕಾಯಬೇಕು. ಒಂದು ಸಲ ಟಕ್ ಎಂದರೂ ಸಾಕು, ಗಾಡಿಯಣ್ಣ ಏನು ಎತ್ತ ಕೇಳದೆ, ತೆರೆಯ ಮೇಲೆ ನಂಬರಿನ ಜೊತೆ ಮೂಡುವ ನೋಂದಣಿ ವಿಳಾಸಕ್ಕೆ ಗಾಡಿ ಹೊರಡಿಸುತ್ತಿದ್ದ. ಟಕ್ ಎನ್ನದಿದ್ದರೆ ಕತ್ತರಿಸಿ ಮುಂದಿನ ಕರೆ. ಜೇಬಿನೊಳಗೇ ಒತ್ತಿಹೋದ ಫೋನುಗಳು, ಆಟಕ್ಕೆ ಗುಂಡಿ ಒತ್ತುವ ಮಕ್ಕಳು ದಿನಕ್ಕೆ ಎಷ್ಟೋ. ಎಲ್ಲದಕ್ಕೂ ಗಾಡಿ ಓಡಿಸಿದರೆ ನಿಜವಾಗಿ ಬಿದ್ದವರಿಗೆ ಗಾಡಿ ಇರುವುದಿಲ್ಲ. ತಟ್ಟುವ ಕರೆ ಬರುತ್ತಿದ್ದದ್ದು ಅಪರೂಪಕ್ಕೆ, ತಿಂಗಳುಗಟ್ಟಲೆ ಒಂದೂ ಬಾರದೆ ಇದ್ದದ್ದೂ ಉಂಟು.

ಪರೀಕ್ಷೆಯ ಕೊನೆಯ ದಿನ ಇಂಜಿನಿಯರ್ ಹುಡುಗಿ ಸಂಜೆ ಬಂದು ಕೊನೆಯ ತೀರ್ಪು ಕೇಳುವವಳಿದ್ದಳು. ಊಟ ಮುಗಿಸಿ ಕೂತ ದೊಡ್ಡಕ್ಕನಿಗೆ ಒಂದು ಮಾತಿಲ್ಲದ ಕರೆ ಬಂತು. ಅವಳು ಪದ್ಧತಿಯ ಪ್ರಕಾರವೇ ಮಾಡಿದಳು. ಹೇಳಿದಳು. ತಟ್ಟಿ ಎಂದಳು. ಹತ್ತು ಉಸಿರು ಎಣಿಸಿದಳು. ಪಾಳುಬಾವಿಗೆ ಕಿವಿಗೊಟ್ಟ ಹಾಗೆ ಏನೂ ಇಲ್ಲ. ಕತ್ತರಿಸಿದಳು.

ಮುಂದಿನ ಕರೆ ಒಬ್ಬ ಗಂಡಸಿನದು. ಅವನ ತಾಯಿ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದರು. ವಿಳಾಸ ಹೇಳುತ್ತಾ ಅವನು, "ಬೀದಿ ತುಂಬಾ ಒಂದೇ ಥರದ ಮನೆಗಳು ಮೇಡಂ. ನಾಯಿ ಬೊಗಳ್ತಾ ಇರೋದು ನಮ್ಮನೇದೇ, ಗಾಡಿಯವರಿಗೆ ಹೇಳಿ. ನೋಡಿ, ನಿಮಗೂ ಕೇಳಿಸ್ತಿದೆಯಲ್ಲ, ಕಿವಿ ತೂತಾಗೋ ಹಾಗೆ ಬೊಗಳ್ತಿದೆ," ಎಂದ.

ದೊಡ್ಡಕ್ಕನಿಗೆ ಯಾವ ನಾಯಿಯೂ ಕೇಳಿಸುತ್ತಿರಲಿಲ್ಲ.

ಅವಳು ಬಾಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಆ ಕರೆಯನ್ನು ಗಾಡಿಯಣ್ಣನಿಗೆ ದಾಟಿಸಿದಳು. ಹಳೆಯದರಲ್ಲಾದರೆ ನಾಯಿ ಕೇಳುತ್ತಿತ್ತು, ನಾಯಿಯ ಹಿಂದೆ ಟಿವಿ ಕೇಳುತ್ತಿತ್ತು, ಯಾರೂ ಮಾತಾಡದಿದ್ದರೂ ಲೈನು ತಾನೇ ಸೊಂಯ್ ಎನ್ನುತ್ತಾ ಇದ್ದೇನೆ ಇದ್ದೇನೆ ಎನ್ನುತ್ತಿತ್ತು. ಇದರಲ್ಲಿ ಬದುಕಿದ ಲೈನಿಗೂ ಸತ್ತ ಲೈನಿಗೂ ವ್ಯತ್ಯಾಸವೇ ಇಲ್ಲ. ಇಷ್ಟು ದಿನದ ಕಸಿವಿಸಿ ಯಾತರದು ಎಂದು ಅವಳಿಗೆ ಈಗ ತಿಳಿಯಿತು. ತಿಳಿದ ಮರುಗಳಿಗೆಯೇ ಸ್ಟೀಲ್ ಲೋಟ ನೆನಪಾಗಿ ಪಕ್ಕದ ಮೆಣಸಿನಕಾಯಿಯ ಕಡೆ ತಿರುಗಿದಳು.

"ಏಯ್, ಎದ್ದೇಳೇ. ಪಡಸಾಲೆಗೆ ಹೋಗಿ ನನ್ನ ಮೇಜಿಗೆ ಫೋನ್ ಮಾಡು. ಮಾತಾಡಬೇಡ. ಬರೀ ತಟ್ಟು."

"ಈಗ್ಲಾ? ನನ್ನ ಚಹಾ..."

"ಹೋಗೇ ಅಂದ್ರೆ!"

ದೊಡ್ಡಕ್ಕ ದನಿ ಏರಿಸಿದ್ದನ್ನು ಆ ಕೋಣೆ ಎಂದೂ ಕೇಳಿರಲಿಲ್ಲ. ಮೆಣಸಿನಕಾಯಿ ಓಡಿದಳು. ಗಾಜಿನಾಚೆ ನಿಂತು ಫೋನನ್ನು ಎದೆಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದಳು. ದೊಡ್ಡಕ್ಕ ಎರಡೂ ದಿಂಬುಗಳನ್ನು ಕಿವಿಗೆ ಒತ್ತಿಕೊಂಡು ಮೈಯೆಲ್ಲ ಕಿವಿಯಾಗಿ ಕೂತಳು. ಗೆಣ್ಣು ಏಳುತ್ತಿತ್ತು, ಬೀಳುತ್ತಿತ್ತು. ಮೆಣಸಿನಕಾಯಿ ಹುಬ್ಬೇರಿಸಿ, ಕೇಳಿಸ್ತಾ ಎಂದು ಸನ್ನೆ ಮಾಡಿ, ಇನ್ನೂ ಜೋರಾಗಿ ತಟ್ಟಿದಳು. ಕಣ್ಣಿಗೆ ಕಾಣುತ್ತಿದ್ದ ಆ ಸದ್ದು ಕಿವಿಗೆ ಬರಲೇ ಇಲ್ಲ.

ದೊಡ್ಡಕ್ಕ ಅದನ್ನು ತಲೆಯಿಂದ ಕಿತ್ತು ಮೇಜಿನ ಮೇಲೆ ಎಸೆದು ಗಾಜಿನ ಗೂಡಿಗೆ ಹೋದಳು. "ಮೇಡಂ, ಆಗಲೇ ಒಂದು ಕರೆ ಕತ್ತರಿಸಿದೆ. ನಂಬರಿನ ಜೊತೆ ವಿಳಾಸ ಬಂದಿದೆ. ಗಾಡಿ ಹೋಗಬೇಕು."

"ತಟ್ಟಿದ್ರಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಕೇಳಿಸ್ತೋ ಇಲ್ವೋ?"

"ಕೇಳಿಸ್ಲಿಲ್ಲ. ತಟ್ಟಿದ್ರೂ ಕೇಳಿಸ್ತಿರಲಿಲ್ಲ. ಅದಕ್ಕೇ ಹೇಳ್ತಿರೋದು!"

ಮೇಲ್ವಿಚಾರಕಿ ಕೆಟ್ಟವಳಲ್ಲ, ಆದರೆ ಗಾಡಿಗಳ ಬರ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು ಗಾಡಿಯಣ್ಣನ ಕಡೆ ನೋಡಿದಳು. ಅವನು ಆ ವಿಳಾಸದ ಹತ್ತಿರಕ್ಕೆ ಒಂದೇ ಒಂದು ಗಾಡಿ ಉಳಿದಿದೆ ಎಂದು ಬೆರಳೆತ್ತಿ ತೋರಿಸಿದ. "ಮಗು ಆಟ ಆಡಿರಬಹುದು," ಎಂದಳು ಮೇಲ್ವಿಚಾರಕಿ. "ಮೊದಲು ತಿರುಗಿ ಫೋನ್ ಮಾಡಿ ನೋಡು."

ದೊಡ್ಡಕ್ಕ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಎತ್ತುವವರಿಲ್ಲ.

"ಮಗು ಆಗಿದ್ರೆ ಎತ್ತುತ್ತಿತ್ತು ಮೇಡಂ. ಮಕ್ಕಳು ರಿಂಗಾದ ಫೋನ್ ಬಿಡ್ತಾವಾ? ಇದು ತಪ್ಪಾದ್ರೆ ನನ್ನ ತಲೆ ಮೇಲೆ ಹಾಕಿ. ಕಳಿಸಿ."

ಮೇಲ್ವಿಚಾರಕಿ ಗಾಡಿಯಣ್ಣನಿಗೆ ಹೂಂ ಎಂದು ತಲೆಯಾಡಿಸಿದಳು. ಗಾಡಿ ಹೊರಟಿತು.

ಆಮೇಲಿನ ಹೊತ್ತು ದೊಡ್ಡಕ್ಕನ ಪಾಲಿಗೆ ನಿಂತ ನೀರಾಯಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಡ್ರಾಯರಿನಿಂದ ಹಳೆಯ ಇಯರ್‌ಫೋನನ್ನು ತೆಗೆದು ಸಿಕ್ಕಿಸಿಕೊಂಡು ಬೇರೆ ಕರೆಗಳನ್ನು ತೆಗೆದುಕೊಳ್ಳುತ್ತಿದ್ದಳು. ಜ್ವರದ ಮಗುವಿಗೆ ಏನು ಮಾಡಬೇಕೆಂದು ಹೇಳುತ್ತಿದ್ದಳು, ಅದು ಮುಗಿದ ತಕ್ಷಣ ಆ ನಂಬರಿಗೆ ರಿಂಗು ಕೊಡುತ್ತಿದ್ದಳು. ನಡುವೆ ಗಾಡಿಯಣ್ಣನ ಮೇಜಿಗೆ ಹೋಗಿ ಅವನ ಬೆನ್ನ ಹಿಂದೆ ನಿಲ್ಲುವುದು ಬೇರೆ. "ಅಕ್ಕ, ನೀವು ನನ್ನ ಕತ್ತಿನ ಮೇಲೆ ಉಸಿರು ಬಿಟ್ರೆ ಗಾಡಿ ಜೋರಾಗಿ ಓಡಲ್ಲ," ಎಂದ ಅವನು. ವಾಪಸ್ಸು ಬಂದಳು. ತಾನು ಎಣಿಸಿದ ಹತ್ತು ಉಸಿರುಗಳನ್ನು ಮತ್ತೆ ಎಣಿಸಿ ನೋಡಿದಳು. ಅಷ್ಟು ಹೊತ್ತಿನಲ್ಲಿ ಒಬ್ಬರು ಎಷ್ಟು ಸಲ ತಟ್ಟಬಹುದು? ಬೇಡದ ಲೆಕ್ಕ. ಆದರೂ ಬೆರಳು ತಾನಾಗಿ ಮೇಜಿನ ಮೇಲೆ ತಟ್ಟಿ ನೋಡಿತು. ಬಹಳ ಸಲ ತಟ್ಟಬಹುದಿತ್ತು.

ತಾನು ಕೇಡಿಗಳ ಸಾಲಿಗೆ ಸೇರಿದೆ ಎಂದು ಅವಳಿಗೆ ಅನ್ನಿಸಿತು. ತಪ್ಪೇನು ಮಾಡಿದೆ ಎಂದು ಹುಡುಕಿದರೆ ಯಾವುದೂ ಸಿಗುತ್ತಿರಲಿಲ್ಲ, ಅದೇ ಇನ್ನಷ್ಟು ಸಂಕಟ. ಎಲ್ಲವನ್ನೂ ಸರಿಯಾಗಿಯೇ ಮಾಡಿ, ಹಿತವಾಗಿ ಕೂತು, ಒಂದು ಜೀವವನ್ನು ಕತ್ತರಿಸಿಬಿಟ್ಟಿದ್ದಳೇನೋ.

ಎಷ್ಟನೆಯ ಸಲವೋ ಆ ನಂಬರಿಗೆ ರಿಂಗು ಕೊಟ್ಟಾಗ ಯಾರೋ ಎತ್ತಿದರು. ಗಂಡು ದನಿ, ಏದುಸಿರು.

"ಹಲೋ! ಯಾರದು?"

"ನೀವ್ಯಾರು? ಇದು ಆಂಬುಲೆನ್ಸ್ ಕೋಣೆ."

"ಅಕ್ಕ, ನಾನು, ಗಾಡಿ ಡ್ರೈವರ್ರು. ಬಾಗಿಲು ಮುರಿದು ಒಳಗೆ ಬಂದ್ವಿ. ಹೆಂಗಸು, ಒಂಟಿ. ನೆಲದ ಮೇಲೆ ಬಿದ್ದಿದಾರೆ. ಒಂದು ಕಡೆಯ ಕೈಕಾಲು ಬಿದ್ದುಹೋಗಿದೆ, ಬಾಯಿ ಬರ್ತಿಲ್ಲ. ಉಸಿರಿದೆ, ಜೀವಕ್ಕೆ ಭಯ ಇಲ್ಲ ಅನ್ಸುತ್ತೆ. ಎತ್ತಿಕೊಳ್ತಾ ಇದೀವಿ."

ದೊಡ್ಡಕ್ಕ ಗಾಡಿಯಣ್ಣನ ಕಡೆ ತಿರುಗಿ ಸಿಕ್ಕಿದರು ಎಂದು ಕೈಸನ್ನೆ ಮಾಡಿದಳು.

"ಫೋನ್ ಕೈಜಾರಿ ಮಂಚದ ಕೆಳಗೆ ಹೋಗಿತ್ತು ಅಕ್ಕ, ಅದಕ್ಕೇ ಎತ್ತೋಕೆ ಆಗಿಲ್ಲ ಪಾಪ," ಎಂದ ಡ್ರೈವರು. ಅವನ ದನಿ ಯಾಕೋ ಸಣ್ಣಗಾಯಿತು. "ಒಂದು ವಿಷಯ ಹೇಳ್ಲಾ? ಈಗ ನೀವು ರಿಂಗ್ ಕೊಟ್ರಲ್ಲ, ನಾವು ಪಕ್ಕದಲ್ಲೇ ಇದ್ವಿ, ಆದ್ರೂ ಆಯಮ್ಮ ನಮ್ಮನ್ನ ನೋಡ್ಲಿಲ್ಲ. ರಿಂಗ್ ಶುರುವಾದ ತಕ್ಷಣ ಆಡೋ ಕೈಯಿಂದ ನೆಲ ತಟ್ಟೋಕೆ ಶುರುಮಾಡಿದ್ರು. ನಿಲ್ಸಿ ಅಂದ್ರೂ ನಿಲ್ಸಲಿಲ್ಲ. ಗೆಣ್ಣೆಲ್ಲ ಕೆಂಪಾಗಿದೆ."

ದೊಡ್ಡಕ್ಕ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ತಾನು ಸಮಾಧಾನಕ್ಕೆಂದು ರಿಂಗು ಕೊಟ್ಟಾಗಲೆಲ್ಲ ಆ ಹೆಂಗಸು ಉತ್ತರ ಕೊಡುತ್ತಲೇ ಇದ್ದಳು. ಎತ್ತುವವರಿಲ್ಲ ಎಂದುಕೊಂಡ ಪ್ರತಿ ಸಲವೂ. ಅತ್ತು ಬಿಡಬೇಕೆನ್ನಿಸಿತು, ಅಳು ಬಂತು, ಅತ್ತಳು. ಮೆಣಸಿನಕಾಯಿ ಏನೂ ಕೇಳದೆ ಬಂದು ತನ್ನ ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟಳು.

ಸಂಜೆ ಇಂಜಿನಿಯರ್ ಹುಡುಗಿ ನಗುನಗುತ್ತಲೇ ಬಂದಳು. ಗಾಜಿನ ಗೂಡಿನಲ್ಲಿ ನಾಲ್ವರು ಕೂತರು. ಮೆಣಸಿನಕಾಯಿಯನ್ನು ಯಾರೂ ಕರೆದಿರಲಿಲ್ಲ, ಅವಳೇ ಬಂದು ಕೂತಿದ್ದಳು. ದೊಡ್ಡಕ್ಕ ನಡೆದದ್ದನ್ನು ಹೇಳುತ್ತಾ ಹೋದ ಹಾಗೆ ಹುಡುಗಿಯ ನಗು ಇಳಿಯಿತು. ಕೊನೆಗೆ ಅವಳು ಮೇಜಿನ ಮೇಲಿದ್ದ ಇಯರ್‌ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಸುಮ್ಮನೆ ಅದರ ದಿಂಬನ್ನು ಒತ್ತುತ್ತಾ ಕೂತಳು.

"ಕಿರುಚಾಟ ಹಾಕಿ ನೋಡಿದ್ವಿ, ಹಾರ್ನ್ ಹಾಕಿ ನೋಡಿದ್ವಿ, ಗಾಜು ಒಡೆದು ನೋಡಿದ್ವಿ," ಎಂದಳು. "ತಟ್ಟೋರಿರ್ತಾರೆ ಅನ್ನೋದು ಗೊತ್ತೇ ಇರಲಿಲ್ಲ ಅಕ್ಕ."

"ನಿನಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದೋಳು ನಾನು. ನೀನು ಲೋಟ ಬಾರಿಸಿದಾಗ ಚಪ್ಪಾಳೆ ಹೊಡೆದೋಳೂ ನಾನೇ."

"ಅದೊಂದನ್ನ ಸರಿಮಾಡಿಕೊಡೋಕೆ ಆಗಲ್ವಾ?" ಎಂದು ಮೇಲ್ವಿಚಾರಕಿ ಕೇಳಿದಳು.

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. "ಇದರ ಲೆಕ್ಕದಲ್ಲಿ ತಟ್ಟೋದೂ ಒಂದೇ, ಬಡಿಯೋದೂ ಒಂದೇ. ತಟ್ಟೋದನ್ನ ಬಿಟ್ರೆ ಬಡಿಯೋದೂ ಒಳಗೆ ಬರುತ್ತೆ. ಎರಡನ್ನೂ ಬೇರೆಬೇರೆ ಗುರುತಿಸೋ ಹಾಗೆ ಹೊಸದಾಗಿ ಮಾಡಬೇಕು. ನಾನು ಪ್ರಯತ್ನ ಮಾಡ್ತೀನಿ. ಈ ಖರೀದಿಗಂತೂ ಆಗಲ್ಲ, ಯಾವಾಗ ಆಗುತ್ತೆ ಅಂತ ಮಾತು ಕೊಡೋಕೂ ಆಗಲ್ಲ."

"ಹಾಗಿದ್ರೆ ಎರಡನ್ನೂ ಇಟ್ಕೊಳ್ಳೋಣ," ಎಂದಳು ಮೆಣಸಿನಕಾಯಿ. "ಮಾತು ಬರದಿದ್ರೆ ಇದನ್ನ ಬಿಚ್ಚಿ ಹಳೇದನ್ನ ಸಿಕ್ಕಿಸಿದ್ರಾಯ್ತು."

"ಪಿನ್ ಕಿತ್ರೆ ಕರೆ ಕಟ್ಟಾಗುತ್ತೆ ಕಣೇ," ಎಂದಳು ದೊಡ್ಡಕ್ಕ.

ಮೆಣಸಿನಕಾಯಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದಳು. ಮುಖ ಕೆಂಪಗೆ ಮಾಡಿಕೊಂಡು ತಿರುಗಿಬಿದ್ದಳು. "ವರ್ಷಕ್ಕೆ ನಾಲ್ಕು ಜನ ತಟ್ತಾರೆ. ನಾವು ಇಷ್ಟು ಜನ ದಿನಾ ಕೂತು ಕಿವಿ ಸುಟ್ಕೊಳ್ತೀವಿ. ಅವರದ್ದು ಮಾತ್ರ ಜೀವ, ನಮ್ಮದು ಕಿವಿ ಅಲ್ವಾ? ನೀನು ಬೇಡ ಅಂದ್ರೆ ನಮಗೂ ಬೇಡ ಅಂದ ಹಾಗೆ. ಅಷ್ಟು ದೊಡ್ಡ ಮನಸ್ಸು ನಂಗಿಲ್ಲಪ್ಪ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಎಲ್ಲರೂ ಕೂತಿದ್ದರು, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಮೇಲ್ವಿಚಾರಕಿ ದೊಡ್ಡಕ್ಕನ ಕಡೆ ಬಾಗಿ ಮೆಲ್ಲಗೆ ಹೇಳಿದಳು. "ಯೋಚನೆ ಮಾಡಿ ಹೇಳು. ಇವತ್ತು ನೀನು ಮಾಡಿದ್ರಲ್ಲಿ ತಪ್ಪಿಲ್ಲ, ಪದ್ಧತಿ ಪ್ರಕಾರವೇ ಮಾಡಿದೀಯ. ಆಯಮ್ಮನೂ ಬದುಕಿದಾಳೆ. ಬೇಕು ಅಂದ್ರೆ ನಿನ್ನ ಕುರ್ಚಿ ನಿನ್ನದೇ. ಬೇಡ ಅಂದ್ರೆ ಡಾಕ್ಟರ ಮಾತು ಮೀರೋಕೆ ನನಗೆ ಆಗಲ್ಲ. ಸೋಮವಾರದಿಂದ ನೀನು ಉಗ್ರಾಣಕ್ಕೆ ಹೋಗಬೇಕಾಗುತ್ತೆ. ಆಮೇಲೆ ನನ್ನ ಬೈಬೇಡ."

ಬೇಕು ಎನ್ನು ಎಂದು ದೊಡ್ಡಕ್ಕನ ಮೈಯೆಲ್ಲ ಹೇಳುತ್ತಿತ್ತು. ಗಂಡ ಮೆಲ್ಲಗೆ ಮಾತಾಡಿದ ರಾತ್ರಿ ಕಣ್ಣ ಮುಂದೆ ಬಂತು. ಉಗ್ರಾಣದ ಬಾಗಿಲೂ ಬಂತು, ಅದರ ತುಕ್ಕು ಹಿಡಿದ ಚಿಲಕದ ಸಮೇತ. ಎದ್ದು ಓಡಿಹೋಗಬೇಕೆನ್ನಿಸಿತು.

"ಧ್ವನಿ ಚೆನ್ನಾಗಿದೆ," ಎಂದಳು ಕೊನೆಗೆ, ಹುಡುಗಿಯ ಮುಖ ನೋಡಿ. "ಇಷ್ಟು ಒಳ್ಳೇದನ್ನ ನಾನು ಹಾಕ್ಕೊಂಡೇ ಇರಲಿಲ್ಲ. ಕಿವಿಗೆ ಹಿತ. ತಲೆನೋವಿಲ್ಲ. ಮನೇಲಿ ಎಲ್ಲರ ಮಾತೂ ಕೇಳಿಸ್ತು. ಬೇರೆ ಯಾರಿಗೆ ಬೇಕಾದ್ರೂ ಕೊಡು, ಕೈಮುಗಿದು ತಗೋತಾರೆ." ಅವಳು ಗೂಡಿನಾಚೆಯ ಮೇಜುಗಳ ಕಡೆ ನೋಡಿದಳು. "ಈ ಕೋಣೆಗೆ ಬೇಡ."

"ದೊಡ್ಡಕ್ಕ!" ಎಂದಳು ಮೆಣಸಿನಕಾಯಿ.

"ಬೈಯೇ. ನಿನ್ನ ಕಿವಿ ವಿಷಯದಲ್ಲಿ ನೀನು ನನ್ನ ಬೈಯೋದು ನ್ಯಾಯವೇ. ಆದ್ರೆ ತಟ್ಟಿ ಅಂತ ಹೇಳೋರು ನಾವು ತಾನೇ? ಹೇಳಿ, ಆಮೇಲೆ ಕೇಳಿಸ್ಕೊಳ್ಳದೆ ಇರೋದು ಹೇಗೆ?"

ಮೆಣಸಿನಕಾಯಿ ಎದ್ದು ಹೊರಗೆ ಹೋದಳು. ಬಾಗಿಲನ್ನು ಜೋರಾಗಿಯೇ ಹಾಕಿಕೊಂಡಳು. ಇಂಜಿನಿಯರ್ ಹುಡುಗಿ ಇಯರ್‌ಫೋನನ್ನು ಅದರ ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳ ಹಾಕದೆ, "ಇನ್ನೊಂದು ಸಲ ಬರ್ತೀನಿ ಅಕ್ಕ, ಸರಿ ಮಾಡ್ಕೊಂಡು," ಎಂದಳು. ಬರುವ ಹೊತ್ತಿಗೆ ತಾನು ಲೈನಿನಲ್ಲಿ ಇರುವುದಿಲ್ಲ ಎಂದು ದೊಡ್ಡಕ್ಕ ಹೇಳಲಿಲ್ಲ, "ಬಾ ಮಗಳೇ," ಎಂದಳು. ಮೇಲ್ವಿಚಾರಕಿ ಕನ್ನಡಕ ತೆಗೆದು ಒರೆಸಿದಳು, ಒರೆಸುತ್ತಲೇ ಇದ್ದಳು.

"ಸೋಮವಾರದಿಂದ ತಾನೇ ಮೇಡಂ?"

"ಹೂಂ."

"ಹಾಗಾದ್ರೆ ಇವತ್ತಿನ ಪಾಳಿ ಇನ್ನೂ ನಂದೇ."

ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ತೆರೆಯ ಮೇಲೆ ಒಂದು ಕರೆ ಆಗಲೇ ಮಿನುಗುತ್ತಿತ್ತು. ಹಳೆಯ ಇಯರ್‌ಫೋನನ್ನು ಎಂದಿನಂತೆ ಬಲಗಿವಿಗೆ ಇಟ್ಟುಕೊಳ್ಳಹೋದವಳು ಅರ್ಧದಲ್ಲೇ ನಿಲ್ಲಿಸಿದಳು. ಸಣ್ಣ ಸದ್ದೇನಾದರೂ ಬಂದರೆ ಆ ಕಿವಿಗೆ ತಿಳಿಯುವುದಿಲ್ಲ. ಪಟ್ಟಿಯನ್ನು ತಿರುಗಿಸಿ, ಡಾಕ್ಟರು ಉಳಿಸಿಕೊಳ್ಳಿ ಎಂದಿದ್ದ ಎಡಗಿವಿಗೆ ಅದನ್ನು ಒತ್ತಿ ಹಿಡಿದುಕೊಂಡು ಕರೆ ತೆಗೆದುಕೊಂಡಳು.